ನಿನ್ನೆಯ ರಂಗೋಲಿ ಬೇಕೆಂದವರು

“ಅಜ್ಜೀ, ನಿನ್ನೆ ಇಲ್ಲಿದ್ದ ರಂಗೋಲಿ ಎಂತ ಮಾಡಿದ್ರಿ?” ಸಿನಿಮಾದವರು ಸಾಗರ ಪೇಟೆಯಿಂದ ಗೊತ್ತು ಮಾಡಿಕೊಂಡಿದ್ದ ಮ್ಯಾನೇಜರ್ ನಮ್ಮ ಅಂಗಳದಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

ಎಂದಿನಂತೆ ಬೆಳಗ್ಗೆ ಎದ್ದು ಗುಡಿಸಿ, ಸೆಗಣಿ ಸಾರಿಸಿದ್ದೆ. “ನಿನ್ನೆ ರಂಗೋಲಿನ ಇವತ್ತೂ ಇಟ್ಕಳಕ್ಕೆ ನಮ್ಮನೇಲಿ ಹೆಂಗಸ್ರು ಸತ್ತೋಗಿದಾರಾ?” ಎಂದೆ.

ಅದು ನಮ್ಮ ಮನೆಯಲ್ಲಿ ಶೂಟಿಂಗ್ ಮಾಡಲು ಬಂದಿದ್ದ ಬಂಗಾಳಿ ಸಿನಿಮಾ ಕಂಪನಿಯವರು ಅಕ್ಕಿಹಿಟ್ಟು ಕಲಸಿ ಬರೆದಿದ್ದ ರಂಗೋಲಿ. ಮೂರು ವರ್ಷದ ಹಿಂದೆ ಇದೇ ಕಂಪನಿಯ ಆರು ಜನ ಒಂದು ವ್ಯಾನಿನಲ್ಲಿ ಬಂದಿದ್ದರು; ಯಜಮಾನನೇ ಕ್ಯಾಮೆರಾ ಹೊರುತ್ತಿದ್ದ. ಈಗ ಎರಡು ಬಸ್ಸು ಜನ. ನಿನ್ನೆ ಇದ್ದದ್ದು ಇವತ್ತೂ ಹಾಗೇ ಇದೆಯೇ ಎಂದು ನೋಡುವುದಕ್ಕೇ ಸಂಬಳ ಕೊಟ್ಟು ಒಬ್ಬಳು ಹುಡುಗಿಯನ್ನು ಇಟ್ಟಿದ್ದಾರೆ! ಹೀರೋ ಅಂಗಳಕ್ಕೆ ಬರುವುದನ್ನು ನಿನ್ನೆ ತೆಗೆದಿದ್ದರು, ಜಗಲಿ ಹತ್ತುವುದನ್ನು ಇವತ್ತು ತೆಗೆಯಬೇಕಿತ್ತು; ಎರಡರಲ್ಲೂ ಅದೇ ರಂಗೋಲಿ ಕಾಣಬೇಕಂತೆ. ಕೆಲಸ ಹೋಯಿತೆಂದು ಆ ಹುಡುಗಿ ಮೂಲೆಯಲ್ಲಿ ಅಳುತ್ತಿದ್ದಳು.

ಯಜಮಾನ ಬಂದವನೇ ಅವಳ ಮೇಲೆ ಕೂಗಾಡಿದ. ನಾನು ನಡುವೆ ಹೋಗಿ ನಿಂತೆ. “ಅವಳಿಗೆ ಎಂತಕ್ಕೆ ಬೈತೀಯ ಮಾರಾಯ? ಅಂಗಳ ನಂದು, ಸೆಗಣಿ ನಂದು. ಬೈಯೋದಾದ್ರೆ ನಂಗೆ ಬೈ.”

ಮ್ಯಾನೇಜರ್ ಅದನ್ನು ಹಿಂದಿಯಲ್ಲಿ ಹೇಳಿದ. ಯಜಮಾನ ನನ್ನ ಮುಖ ನೋಡಿ ನಕ್ಕುಬಿಟ್ಟ. “ಅಜ್ಜಿಗೆ ಬೈಯುವಷ್ಟು ದೊಡ್ಡದಾಗಿಲ್ವಂತೆ ಕಂಪನಿ,” ಎಂದ ಮ್ಯಾನೇಜರ್. ಆಮೇಲೆ ಯಜಮಾನನೇ ಪ್ಯಾಂಟು ಮಡಚಿ ಕುಕ್ಕರಗಾಲಿನಲ್ಲಿ ಕುಳಿತ. ಹುಡುಗಿ ಮೊಬೈಲಿನಲ್ಲಿ ನಿನ್ನೆಯ ಫೋಟೋ ಹಿಡಿದಳು. ಇಬ್ಬರೂ ಸೇರಿ ಬರೆದರು.

ಹುಡುಗಿಯ ಕೆಲಸ ಉಳಿಯಿತು. ಸೆಗಣಿ ಒಣಗುವವರೆಗೆ ಕಾಯಲು ಮಾತ್ರ ಅವರಿಗೆ ಪುರುಸೊತ್ತಿರಲಿಲ್ಲ. ಆ ಸಿನಿಮಾದಲ್ಲಿ ಹೀರೋ ಒಣಗಿದ ಅಂಗಳಕ್ಕೆ ಬಂದು, ನಾಲ್ಕೇ ಹೆಜ್ಜೆಗೆ ಹಸಿ ಅಂಗಳದಿಂದ ಜಗಲಿ ಹತ್ತುತ್ತಾನೆ. ಅದು ಹೇಗೆಂದು ಕಲ್ಕತ್ತೆಯಲ್ಲಿ ಯಾರಾದರೂ ಕೇಳಿದರೆ, ಸಾರಿಸಿದ್ದು ನಾನೇ ಅನ್ನಿ.