ಹಗ್ಗವಿಲ್ಲದೆ ಹಗೇವಿಗೆ ಇಳಿದದ್ದು

ತೆಂಗು ಕೈಹಿಡಿದ ಮೇಲೆ ಅಪ್ಪ ನಮ್ಮ ರಾಗಿ ಹೊಲಕ್ಕೂ ಸಸಿ ನೆಟ್ಟುಬಿಟ್ಟಿದ್ದ. ಎಪ್ಪತ್ತರ ದಶಕದಲ್ಲಿ ನೊಣವಿನಕೆರೆ ಸುತ್ತಮುತ್ತ ಹಾಗೆ ಮಾಡಿದವರು ನಾವೊಬ್ಬರೇ ಅಲ್ಲ. ಆದರೆ ಕೊಬ್ಬರಿ ಮಾರಿ ರಾಗಿ ಕೊಂಡು ತಿನ್ನುವುದೆಂದರೆ ಬೇಸಾಯದ ಮನೆಗೆ ತಲೆ ತಗ್ಗಿಸುವ ಮಾತು. ಅಪ್ಪ ತಿಪಟೂರಿನ ಸಂತೆಯಿಂದ ರಾಗಿ ಮೂಟೆ ತರುವಾಗ ಗಾಡಿಯಲ್ಲಿ ಅದರ ಮೇಲೆ ಹಿಂಡಿ ಚೀಲ ಹೇರಿ ಮುಚ್ಚಿಕೊಂಡು ಬರುತ್ತಿದ್ದ. ಊರಿನವರೆಲ್ಲ ಹಾಗೇ ತರುತ್ತಿದ್ದರೋ ಏನೋ, ಯಾರು ಯಾರ ಚೀಲ ಬಿಚ್ಚಿ ನೋಡಿದರು!

ಹಿತ್ತಲಲ್ಲಿ ನಮ್ಮದೊಂದು ಹಗೇವಿತ್ತು. ನೆಲದೊಳಗೆ ಎರಡಾಳು ಆಳ ತೋಡಿದ, ಒಬ್ಬರು ಇಳಿಯುವಷ್ಟೇ ಬಾಯಿ ಇದ್ದ ರಾಗಿಯ ಗುಂಡಿ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಗಾಳಿ ಮಾತ್ರ ಕೆಡುತ್ತಿತ್ತು. ಅದಕ್ಕೇ ಹಿಂದಿನ ದಿನವೇ ಚಪ್ಪಡಿ ಸರಿಸಿ ಬಿಡಬೇಕು, ಸೊಪ್ಪಿನ ಕಂತೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ ಗಾಳಿ ಆಡಿಸಬೇಕು, ಆಮೇಲೆ ಲಾಟೀನು ಇಳಿಬಿಡಬೇಕು. ದೀಪ ಆರಿದರೆ ಆವತ್ತು ಇಳಿಯುವ ಮಾತೇ ಇಲ್ಲ. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ನಿಂತು, ಒಳಗಿದ್ದವರನ್ನು ಮಾತಾಡಿಸುತ್ತಲೇ ಇರಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಅಪ್ಪನೇ.

ಅಕ್ಕನ ಮಾವ ಚಿಕ್ಕನಾಯಕನಹಳ್ಳಿ ಕಡೆಯವರು, ಹೊಟ್ಟೆನೋವಿನ ಮನುಷ್ಯ. ಒಂದು ಮಧ್ಯಾಹ್ನ ಬಂದವರು ಊಟಕ್ಕೆ ಕೂತು, "ನಿಮ್ಮ ಹಗೇವಿನ ಹಳೇ ರಾಗಿ ನಾಕು ಸೇರು ಕೊಡಿ ಬೀಗ್ರೇ, ಅಂಬಲಿಗೆ ಒಳ್ಳೇದಂತೆ" ಅಂದರು.

"ಅದಕ್ಕೇನಂತೆ!" ಎಂದುಬಿಟ್ಟ ಅಪ್ಪ. ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹಗೇವಿನ ತಳ ಗುಡಿಸಿದರೆ ಒಂದು ಮೊರ ತುಂಬುವಷ್ಟಿತ್ತೋ ಇಲ್ಲವೋ. ಅದರ ಬಾಯಿ ತೆಗೆದು ಎರಡು ವರ್ಷವಾಗಿತ್ತು.

ನನಗಾಗ ಇಪ್ಪತ್ತು. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು ಚಪ್ಪಡಿಗೆ ಕೈಹಾಕಿಸಿದ. ಲಾಟೀನು, ಹಗ್ಗ ಎರಡೂ ಪಡಸಾಲೆಯಲ್ಲಿ ಬೀಗರ ತಲೆಯ ಮೇಲೇ ತೂಗುತ್ತಿದ್ದವು. "ತರಲಾ?" ಅಂದೆ.

"ಬ್ಯಾಡ ಕಣವ್ವ. ಹಗ್ಗ ಕಂಡ್ರೆ ಎದ್ದು ಬತ್ತಾರೆ. ಬಂದ್ರೆ ಬಗ್ಗಿ ನೋಡ್ತಾರೆ."

ನಿಜ, ಹಗೇವು ಇಳಿಯುವ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವ ನೆಂಟ ನಮ್ಮ ಕಡೆ ಹುಟ್ಟಿಲ್ಲ. ನಾನೂ ತಲೆಯಾಡಿಸಿದೆ. ಅಪ್ಪ ಚೀಲ ಹೆಗಲಿಗೆ ಹಾಕಿ, ಗೋಡೆಯ ಕಚ್ಚುಗಳಿಗೆ ಕಾಲು ಕೊಟ್ಟು ಇಳಿದ.

ಗುಡಿಸುವ ಸದ್ದು ಸ್ವಲ್ಪ ಕೇಳಿ ನಿಂತಿತು. "ಅಪ್ಪಾ" ಅಂದೆ, ಪಿಸುದನಿಯಲ್ಲಿ. ಮತ್ತೊಮ್ಮೆ ಅಂದೆ, ಅದೂ ಪಿಸುದನಿಯಲ್ಲೇ. ಅಪ್ಪ ಸಾಯುತ್ತಿರಬಹುದೆಂದು ಗೊತ್ತಾದ ಮೇಲೂ ಬೀಗರಿಗೆ ಕೇಳಿಸೀತೆಂದು ದನಿ ತಗ್ಗಿಸಿದ ಮಗಳು ನಾನು. ಈಗಲೂ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಆಮೇಲೆ ಕಿರುಚಿದೆ.

ಬೀಗರು ಎಂಜಲು ಕೈಯಲ್ಲೇ ಓಡಿಬಂದರು. ಹಗೇವಿಗೆ ಕಾಲಿಟ್ಟಿದ್ದ ನನ್ನನ್ನು ಜಡೆ ಹಿಡಿದು ಹಿಂದಕ್ಕೆಳೆದರು. "ನೀನೂ ಹೋಯ್ತೀಯ! ಯಾರೂ ಇಳೀಬ್ಯಾಡಿ. ಪಾತಾಳಗರಡಿ ತಗಂಬನ್ನಿ!"

ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಕೊಕ್ಕೆಗಳ ಗೊಂಚಲು ಅದು. ಬೀಗರೇ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅಪ್ಪನ ಸೊಂಟದ ಅಗಲ ಬೆಲ್ಟಿಗೆ ಸಿಗಿಸಿದರು. ಕೂಗು ಕೇಳಿ ಬಂದ ಅಕ್ಕಪಕ್ಕದವರೆಲ್ಲ ಸೇರಿ ಎಳೆದರು. ಅಪ್ಪ ಬಿಂದಿಗೆಯ ಹಾಗೇ ಗೋಡೆಗೆ ತಾಕುತ್ತ ಮೇಲೆ ಬಂದ.

ಉಸಿರಿತ್ತು. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊರದಲ್ಲಿ ಗಾಳಿ ಬೀಸಿದಳು. ಎಷ್ಟೋ ಹೊತ್ತಿಗೆ ಕಣ್ಣುಬಿಟ್ಟ ಅಪ್ಪ ಸುತ್ತ ನಿಂತ ಮುಖಗಳನ್ನು ನೋಡಿ, ಬೀಗರನ್ನು ನೋಡಿ, ತೊದಲುತ್ತ "ನಾಳೆ... ಒಂದು ಮೂಟೆ ಕಳುಸ್ತೀನಿ" ಅಂದ.

"ಆಗ್ಲಿ ಬುಡಿ, ಆಗ್ಲಿ ಬುಡಿ" ಎಂದ ಬೀಗರು ಹಗೇವಿಗೆ ಬೆನ್ನು ಮಾಡಿ ನಿಂತರು. ಅವರು ಬಗ್ಗಿ ಕೊಕ್ಕೆ ಹಾಕಿದವರು, ಒಳಗೆ ಏನಿದೆ ಏನಿಲ್ಲ ಎಲ್ಲ ಕಂಡಿದ್ದರು.

ಅವ್ವನಿಗೆ ತಡೆಯಲಾಗಲಿಲ್ಲ. "ಒಳಗೆ ಏನೂ ಇಲ್ಲ ಬೀಗ್ರೇ. ರಾಗಿ ಕೊಂಡ್ಕಂಡು ತಿಂತಿದೀವಿ" ಎಂದು ಎಲ್ಲರಿಗೂ ಕೇಳುವಂತೆ ಅತ್ತಳು. ಅಪ್ಪನ ಉಸಿರು ಇನ್ನೂ ನೆಟ್ಟಗಾಗಿರಲಿಲ್ಲ. ಅದನ್ನು ನೋಡುವುದು ಬಿಟ್ಟು ನಾನು ಅವ್ವನ ತೋಳು ಚಿವುಟಿದೆ, ಸುಮ್ಮನಿರಲಿ ಎಂದು.