ಸುಂದರಣ್ಣನ ಬ್ಯಾಚ್

ನಿಯಮ ಬರೆಯುವುದು ನನ್ನ ಹೊಟ್ಟೆಪಾಡು. ಯಾವ ಕಾಗದಕ್ಕೆ ಯಾರ ಸಹಿ ಬೇಕು, ಸಹಿ ಇಲ್ಲದಿದ್ದರೆ ಅದು ಯಾವ ಟೇಬಲ್ಲಿಗೆ ವಾಪಸ್ಸು ಹೋಗಬೇಕು ಎಂದು ಕುವೈತಿನ ಒಂದು ಬ್ಯಾಂಕಿನಲ್ಲಿ ಕೂತು ಹದಿಮೂರು ವರ್ಷಗಳಿಂದ ಬರೆಯುತ್ತಿದ್ದೇನೆ. ಹೆಸರು ಧನಂಜಯ್. ಕೋಪ ಬಂದಾಗ ಹೆಂಡತಿ ಸಿಂಚನಾ ಕರೆಯುವುದು 'ಸುತ್ತೋಲೆ' ಎಂದು. ಇಂಥವನ ಕೊರಳಿಗೆ ಹಳೆ ವಿದ್ಯಾರ್ಥಿಗಳ ಬಾಸ್ಕೆಟ್‌ಬಾಲ್ ಕಪ್ಪಿನ ಕಾರ್ಯದರ್ಶಿ ಕೆಲಸ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಈ ಕಪ್ ನಾವೇ ಕಟ್ಟಿಕೊಂಡದ್ದು. ಕರ್ನಾಟಕದ ಆರು ಕಾಲೇಜುಗಳಲ್ಲಿ ಓದಿ ಇಲ್ಲಿಗೆ ಬಂದವರು ಚಳಿಗಾಲದ ಶುಕ್ರವಾರಗಳಂದು ಸಾಲ್ಮಿಯಾದ ಒಂದು ಶಾಲೆಯ ಅಂಗಳದಲ್ಲಿ ತಂತಮ್ಮ ಕಾಲೇಜಿನ ಹೆಸರಿನಲ್ಲಿ ಆಡುತ್ತೇವೆ. ಆಟಗಾರರಲ್ಲಿ ಅರ್ಧ ಜನಕ್ಕೆ ಹೊಟ್ಟೆ ಬಂದಿದೆ, ಉಳಿದ ಅರ್ಧಕ್ಕೆ ಮಂಡಿನೋವು. ಆದರೂ ನೋಡುವುದಕ್ಕೆ ಇನ್ನೂರು ಜನ ಬರುತ್ತಾರೆ. ಹೆಂಡತಿ ಮಕ್ಕಳು, ವಿಸಿಟ್ ವೀಸಾದಲ್ಲಿ ಬಂದ ಅತ್ತೆ ಮಾವಂದಿರು, ಪಕ್ಕದ ಫ್ಲಾಟಿನವರು, ಎಲ್ಲರೂ. ಊರಿನಲ್ಲಿ ಕಾಲೇಜಿನ ಗೇಟನ್ನೂ ನೋಡದವರು ಇಲ್ಲಿ ಆ ಕಾಲೇಜಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ.

ನಮ್ಮದು ಮಂಗಳೂರಿನ ಕಡೆಯ ಎಂಜಿನಿಯರಿಂಗ್ ಕಾಲೇಜು, ಕಡುಗೆಂಪು ಜೆರ್ಸಿ. ನಮ್ಮ ತಂಡದ ಬೆಂಚಿನ ತುದಿಯಲ್ಲಿ ಒಂಬತ್ತನೇ ನಂಬರಿನ ಜೆರ್ಸಿ ಹಾಕಿಕೊಂಡು ಕೂರುವವನು ಸುಂದರಣ್ಣ. ವಯಸ್ಸು ಐವತ್ತರ ಹತ್ತಿರ, ಕೆಲಸ ರಾಯ್ ಎಂಬ ಬಡಾವಣೆಯ ಒಂದು ಟೈಲ್ಸ್ ಶೋರೂಮಿನಲ್ಲಿ ಡೆಲಿವರಿ ಗಾಡಿ ಓಡಿಸುವುದು. ಪಂದ್ಯದ ನಡುವೆ ಐದು ನಿಮಿಷ ಆಡುತ್ತಾನೆ, ಉಳಿದಷ್ಟು ಹೊತ್ತು ನಮ್ಮನ್ನು ಆಡಿಸುತ್ತಾನೆ. ತಂಡಕ್ಕೆ ಕೋಚ್ ಅಂತ ಯಾರನ್ನೂ ನೇಮಿಸಿಲ್ಲ, ಆದರೆ ಯಾರು ಕೋಚ್ ಎಂದು ಯಾರೂ ಕೇಳುವುದಿಲ್ಲ. ಮಕ್ಕಳಿಗೂ ಅವನೇ ಗುರು. ನನ್ನ ಮಗಳು ಚಿನ್ಮಯಿಗೆ ಹದಿಮೂರು ವರ್ಷ. ಅವಳು ಫ್ರೀ ಥ್ರೋ ಎಸೆಯುವಾಗಲೆಲ್ಲ ಬಾಯೊಳಗೇ "ಮೊಣಕೈ ಒಳಗೆ, ಮೊಣಕೈ ಒಳಗೆ" ಎಂದುಕೊಳ್ಳುತ್ತಾಳೆ. ಮನೆಯಲ್ಲಿ ಅಪ್ಪಿತಪ್ಪಿಯೂ ಕನ್ನಡ ಆಡದ ಹುಡುಗಿಗೆ ಇಷ್ಟಾದರೂ ಕನ್ನಡ ಬಾಯಿಗೆ ಬಂದದ್ದು ಸುಂದರಣ್ಣನ ದಯೆ.

ಅವನು ನಮ್ಮನ್ನು ಸೇರಿದ್ದು ಹನ್ನೆರಡು ವರ್ಷಗಳ ಹಿಂದೆ. ಗಾಡಿಯಲ್ಲಿ ಹೋಗುತ್ತಿದ್ದವನು ಜೆರ್ಸಿಯ ಮೇಲಿನ ಕಾಲೇಜಿನ ಹೆಸರು ಕಂಡು ನಿಲ್ಲಿಸಿ, ಗೇಟಿನ ಹತ್ತಿರ ನಿಂತು ನೋಡುತ್ತಿದ್ದ. ಚೆಂಡು ಉರುಳಿಕೊಂಡು ಅವನ ಕಾಲಬುಡಕ್ಕೆ ಹೋಯಿತು. ಎತ್ತಿ, ನಿಂತಲ್ಲಿಂದಲೇ ಎಸೆದ. ಅದು ಸೀದಾ ಬಾಸ್ಕೆಟ್ಟಿಗೆ ಬಿತ್ತು. ನಾವೆಲ್ಲ ಬಾಯಿ ತೆರೆದು ನಿಂತೆವು. "ನಮ್ ಕಾಲೇಜಾ? ಯಾವ ಬ್ಯಾಚ್ ಅಣ್ಣಾ?" ಎಂದು ನಾನೇ ಕೇಳಿದೆ. ಅವನು ನಕ್ಕು, "ಹಳೆಯದು" ಎಂದ. ನಮಗೆ ಅಷ್ಟು ಸಾಕಾಯಿತು. ನಾನು ಅವನಿಗೆ ಧನು ಆದೆ, ಅವನು ನಮಗೆ ಸುಂದರಣ್ಣ ಆದ. ತೊಂಬತ್ತೆಂಟರ ಬ್ಯಾಚ್ ಎಂದು ಕೆಲವರು, ಎರಡು ಸಾವಿರದ ಬ್ಯಾಚ್ ಎಂದು ಕೆಲವರು ಅವರವರೇ ತೀರ್ಮಾನ ಮಾಡಿಕೊಂಡರು. ಎಂಜಿನಿಯರ್ ಆದವನು ಗಾಡಿ ಯಾಕೆ ಓಡಿಸುತ್ತಾನೆ ಎಂದು ಕೇಳುವುದು ಈ ಊರಿನಲ್ಲಿ ಮರ್ಯಾದೆಯಲ್ಲ. ಯಾರ ಹಣೆಬರಹ ಹೇಗೋ.

ಕಳೆದ ವರ್ಷದ ಫೈನಲ್ಲಿನಲ್ಲಿ ನನ್ನ ತಲೆ ಕೆಟ್ಟಿತು. ಎದುರಾಳಿ ತಂಡದ ಮ್ಯಾನೇಜರ್ ಸುಕೇಶ್ ಎಲ್ಲಿಂದಲೋ ಆರೂಕಾಲು ಅಡಿಯ ಒಬ್ಬ ಹೊಸ ಆಟಗಾರನನ್ನು ಕರೆತಂದಿದ್ದ. "ಯಾವ ವರ್ಷ ಪಾಸಾಗಿದ್ದು?" ಎಂದು ಕೇಳಿದರೆ ಆ ಮಹಾರಾಯ ಉತ್ತರಕ್ಕಾಗಿ ಸುಕೇಶನ ಮುಖ ನೋಡಿದ! ಅಷ್ಟಾದರೂ ಕೊನೆಯ ನಿಮಿಷದವರೆಗೆ ಸಮಸಮ ಇದ್ದೆವು. ಆಗ ಚೆಂಡು ಗೆರೆ ದಾಟಿತು, ರೆಫರಿ ನಮಗೆ ಕೊಟ್ಟ. ಬೆಂಚಿನಿಂದ ಸುಂದರಣ್ಣ ಎದ್ದು, "ಇಲ್ಲ ಸರ್, ಕಡೆಗೆ ತಾಗಿದ್ದು ನಮ್ಮವನ ಕೈ" ಎಂದುಬಿಟ್ಟ. ಚೆಂಡು ಅವರ ಪಾಲಾಯಿತು, ಎರಡು ಪಾಯಿಂಟಿನಿಂದ ಸೋತೆವು. ನಾನು ಒಂದು ವಾರ ಸುಂದರಣ್ಣನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈ ಚಳಿಗಾಲ ಆಟ ಶುರುವಾಗುವ ಹೊತ್ತಿಗೆ ಬ್ಯಾಂಕಿನವನ ಬುದ್ಧಿ ಓಡಿತು, ಮುಂದಿನ ವಾರದ ಸಭೆಯಲ್ಲಿ ಮತಕ್ಕೆ ಇಡುತ್ತೇನೆಂದು ಮೂರು ಹೊಸ ನಿಯಮಗಳನ್ನು ಬರೆದು, ಆಡುವವರೂ ನೋಡುವವರೂ ಇರುವ 'ಗ್ಯಾಲರಿ' ಎಂಬ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ.

ಒಂದು: ಎರಡು ಹಾಫ್ ಬದಲು ಇನ್ನು ಮುಂದೆ ನಾಲ್ಕು ಕ್ವಾರ್ಟರ್, ನಡುವೆ ಎರಡೆರಡೇ ನಿಮಿಷ ಬಿಡುವು. ಎರಡು: ಪ್ರೇಕ್ಷಕರು ರೆಫರಿಯ ಮೇಲೆ ಕೂಗಿದರೆ ಅವರ ತಂಡಕ್ಕೆ ಫೌಲ್. ಮೂರು: ಆಡುವವರೂ ಬೆಂಚಿನಲ್ಲಿ ಕೂರುವವರೂ ಆ ಕಾಲೇಜಿನ ಅಟೆಸ್ಟ್ ಆದ ಡಿಗ್ರಿ ಸರ್ಟಿಫಿಕೇಟಿನ ಪ್ರತಿ ಕೊಡಬೇಕು.

ಅರ್ಧ ಗಂಟೆಯಲ್ಲಿ ಗ್ಯಾಲರಿಗೆ ಬೆಂಕಿ ಬಿತ್ತು. ಚಹಾ ಮತ್ತು ಗೋಳಿಬಜೆಯ ಮೇಜು ನೋಡಿಕೊಳ್ಳುವ ಹೆಂಗಸರ ಪೈಕಿ ನನ್ನ ಹೆಂಡತಿಯೇ ಮೊದಲು ಬರೆದಳು: "ಎರಡು ನಿಮಿಷದಲ್ಲಿ ಇನ್ನೂರು ಜನಕ್ಕೆ ಟೀ ಕೊಡೋದು ಹೇಗೆ ಅಂತ ಕಾರ್ಯದರ್ಶಿಗಳು ತಿಳಿಸಬೇಕು." ಅದಕ್ಕೆ ಎಪ್ಪತ್ತು ಹೆಬ್ಬೆರಳು. ಇನ್ನೊಬ್ಬರು, "ಕೂಗೋ ಹಾಗಿಲ್ಲ ಅಂದ್ರೆ ನಾವು ಬರೋದಾದ್ರೂ ಯಾಕೆ? ಮನೇಲಿ ಕೂಗಿದ್ರೆ ಬಿಲ್ಡಿಂಗ್ ಕಾಯೋ ಹಾರಿಸ್ ಬಂದು ಬಾಗಿಲು ಬಡೀತಾನೆ" ಎಂದರು. ಒಬ್ಬ ಅಜ್ಜ ಆರು ನಿಮಿಷದ ಧ್ವನಿ ಸಂದೇಶ ಕಳಿಸಿದರು, ಅದರಲ್ಲಿ ಐದು ನಿಮಿಷ ವಾಲಿಬಾಲ್ ಬಗ್ಗೆ ಇತ್ತು. ಮಕ್ಕಳು ಅಳುವ ಮುಖಗಳನ್ನು ಸಾಲಾಗಿ ಸುರಿದರು. ನಾಲ್ಕು ದಿನ ಇದೇ ಗಲಾಟೆ. ಮೂರನೇ ನಿಯಮದ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಅದು ಸುಕೇಶನಿಗೆ ಬಿಟ್ಟ ಬಾಣ ಎಂದು ಎಲ್ಲರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಸುಂದರಣ್ಣ ಮನೆಗೆ ಬಂದ. ಕೈಯಲ್ಲಿ ಒಂದು ಚೀಲ, ಅದರೊಳಗೆ ಒಗೆದು ಇಸ್ತ್ರಿ ಮಾಡಿ ಮಡಿಸಿದ ಒಂಬತ್ತನೇ ನಂಬರಿನ ಜೆರ್ಸಿ.

"ಸರ್, ಇದು ನಿಮ್ಮ ಹತ್ರ ಇರ್ಲಿ" ಎಂದ.

"ಏನ್ ಸುಂದರಣ್ಣ ಇದು? ಹೊಸದಾಗಿ ಸರ್ ಗಿರ್ ಅಂತ?"

ಅವನು ಕೂರಲಿಲ್ಲ. "ನಾನು ಆ ಕಾಲೇಜಿನಲ್ಲಿ ಕಲ್ತವ ಅಲ್ಲ ಸರ್. ಗ್ರೌಂಡಿನ ಕೆಲಸಕ್ಕೆ ಇದ್ದವ. ಕೋರ್ಟು ಗುಡಿಸುದು, ಸುಣ್ಣದ ಗೆರೆ ಹಾಕುದು. ಕೆಲಸದವರು ಆಡ್ಬಾರ್ದು ಅಂತ ಇತ್ತು. ಪೀಟಿ ಮಾಸ್ಟ್ರು ಒಳ್ಳೆಯವರು, ಹರಿದ ಚೆಂಡು ಒಂದು ಕೊಟ್ಟಿದ್ರು. ಬೆಳಿಗ್ಗೆ ಮಕ್ಕಳು ಬರುವ ಮೊದ್ಲು ಒಬ್ಬನೇ ಎಸೀತಿದ್ದೆ. ನಾನು ಕಲ್ತದ್ದು ಅಷ್ಟೇ."

ಮೊದಲು ನನಗೆ ಬಂದದ್ದು ಸಿಟ್ಟು. ಅದನ್ನು ಮುಚ್ಚಿಡುವುದಿಲ್ಲ. ಹನ್ನೆರಡು ವರ್ಷ ಒಂದು ಖಾಲಿ ಕಾಗದಕ್ಕೆ ಮೊಹರು ಒತ್ತುತ್ತಾ ಬಂದವನಂತೆ ಮೈ ಉರಿಯಿತು. ಆಮೇಲೆ ಸುಂದರಣ್ಣ ಆ ಜೆರ್ಸಿಯ ಮಡಿಕೆಯನ್ನು ಬೆರಳಿನಿಂದ ಮತ್ತೊಮ್ಮೆ ನೇರ ಮಾಡಿದ್ದು ಕಂಡಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ನನ್ನ ಮೇಲೆಯೇ ನಾಚಿಕೆ ಬಂತು.

"ಯಾರಿಗೂ ಹೇಳ್ಬೇಡಿ. ಆ ನಿಯಮ ನಾನೇ ವಾಪಸ್ ತಗೋತೀನಿ" ಎಂದೆ.

"ಬೇಡ ಸರ್. ನಿಯಮ ಸರಿ ಉಂಟು. ಗೆರೆಗೆ ಕಾಲು ತಾಗಿದ್ರೆ ಔಟ್. ಆ ಗೆರೆ ಹಾಕಿದವನಿಗೆ ಅಷ್ಟು ಗೊತ್ತಿಲ್ವಾ? ಶುಕ್ರವಾರ ನನಗೆ ಒಂದು ನಿಮಿಷ ಮಾತಾಡ್ಲಿಕ್ಕೆ ಕೊಡಿ, ಸಾಕು."

ಅವನು ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು ಹೋದ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಚಿನ್ಮಯಿ, "ಅಪ್ಪಾ, ಯೂ ರೋಟ್ ದಟ್ ರೂಲ್?" ಎಂದಳು. ನಾನು ಹೌದೆಂದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಮಧ್ಯಾಹ್ನ ಪಂದ್ಯಗಳು ಮುಗಿದ ಮೇಲೆ ಗ್ಯಾಲರಿಯ ಸಭೆ ನಡೆಯಿತು. ಕ್ವಾರ್ಟರಿನ ನಿಯಮ ಮೂರೇ ನಿಮಿಷದಲ್ಲಿ ಬಿದ್ದುಹೋಯಿತು, ಚಹಾದ ಮೇಜು ಗೆದ್ದಿತು. ಕೂಗಬಾರದು ಎಂಬ ನಿಯಮವನ್ನು ಜನ ಕೂಗಿಯೇ ಬೀಳಿಸಿದರು. ಆಮೇಲೆ ಮೂರನೆಯದನ್ನು ಓದಿದೆ. ಸುಂದರಣ್ಣ ಎದ್ದು ಅಂಗಳದ ನಡುವಿನ ವೃತ್ತಕ್ಕೆ ಹೋಗಿ ನಿಂತ.

"ಈ ನಿಯಮ ಪಾಸು ಮಾಡಿ. ನಾನು ಡಿಗ್ರಿಯವ ಅಲ್ಲ. ಆ ಕಾಲೇಜಿನಲ್ಲಿ ಗೆರೆ ಹಾಕ್ಲಿಕ್ಕೆ ಇದ್ದವ. ನಾನಾಗಿ ಸುಳ್ಳು ಹೇಳ್ಳಿಲ್ಲ, ಆದ್ರೆ ಬ್ಯಾಚ್ ಯಾವುದು ಅಂತ ಕೇಳಿದಾಗ ಹಳೆಯದು ಅಂದು ಸುಮ್ಮನಾದೆ. ಅದೂ ಸುಳ್ಳೇ. ಅಲ್ಲಿ ಗೆರೆಯ ಒಳಗೆ ನಿಂತು ಆಡ್ಲಿಕ್ಕೆ ನನಗೆ ಇರ್ಲಿಲ್ಲ. ಇಲ್ಲಿ ನೀವು ಜೆರ್ಸಿ ಕೊಟ್ರಿ, ಅಣ್ಣ ಅಂತ ಕರ್ದ್ರಿ, ಮಕ್ಕಳನ್ನು ನನ್ನ ಕೈಗೆ ಬಿಟ್ರಿ. ಹನ್ನೆರಡು ವರ್ಷ ಶುಕ್ರವಾರ ಅಂದ್ರೆ ನನಗೆ ಹಬ್ಬ. ಅದಕ್ಕೆ ಉಪಕಾರ ಹೇಳ್ಲಿಕ್ಕೆ ಬಂದದ್ದು. ಖಲಾಸ್."

ಮೇಲಿನ ಸಾಲಿನಲ್ಲಿ ಫ್ಲಾಸ್ಕ್ ಹಿಡಿದು ಕೂತಿದ್ದ ತಿಮ್ಮರಾಯಪ್ಪನವರು ಎದ್ದರು. ನಮ್ಮ ಕಾಲೇಜಿನ ಎರಡು ಸಾವಿರದ ಒಂದರ ಬ್ಯಾಚಿನವರು, ಕುವೈತಿನಲ್ಲಿರುವವರ ಪೈಕಿ ಎಲ್ಲರಿಗಿಂತ ಹಿರಿಯರು; ಉಳಿದ ನಾವೆಲ್ಲ ಎರಡು ಸಾವಿರದ ಐದರ ನಂತರ ಅಲ್ಲಿಗೆ ಸೇರಿದವರು. ಮಂಡಿ ಹೋದ ಮೇಲೆ ಆಡುವುದಿಲ್ಲ, ಒಂದು ಪಂದ್ಯವನ್ನೂ ತಪ್ಪಿಸುವುದಿಲ್ಲ.

"ನಂಗೆ ಮೊದಲ್ನೇ ದಿನವೇ ಗೊತ್ತಿತ್ತು ಕಣಪ್ಪ" ಎಂದರು. "ನಾನು ಕಾಲೇಜ್ ಕ್ಯಾಪ್ಟನ್ ಆಗಿದ್ದೆ. ಬೆಳಗ್ಗೆ ಆರು ಗಂಟೆಗೆ ಪ್ರಾಕ್ಟೀಸಿಗೆ ಹೋದ್ರೆ ಇವನು ಗೆರೆ ಎಳೀತಾ ಇರೋನು. ತಲೆ ಎತ್ತದೇನೇ ಹೇಳೋನು, ಮೊಣಕೈ ಒಳಗೆ ಸರ್ ಅಂತ. ಅವತ್ತಿಂದ ನನ್ನ ಫ್ರೀ ಥ್ರೋ ಸರಿಹೋಯ್ತು. ಹೆಸರು ಬಂದಿದ್ದು ನನಗೆ. ಇಲ್ಲಿ ಅವನಿಗೆ ಒಂದು ಹೆಸರು ಬಂದಿತ್ತು, ಅದನ್ನ ಕಿತ್ಕೊಳ್ಳೋಕೆ ನಾನ್ಯಾರು ಅಂತ ಸುಮ್ಮನಿದ್ದೆ."

ನನ್ನ ಪಕ್ಕದಲ್ಲಿದ್ದ ಚಿನ್ಮಯಿ "ಮೊಣಕೈ ಒಳಗೆ" ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ಹಿಡಿದುಕೊಂಡಳು. ಶನಿವಾರದಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ.

ಆಗ ಎದ್ದವನು ಸುಕೇಶ್. ಕೆಲಸ ಕೆಟ್ಟಿತು ಎಂದುಕೊಂಡೆ. ಸುಂದರಣ್ಣ ಹೋದರೆ ನಮ್ಮ ತಂಡದ ಬೆನ್ನುಮೂಳೆ ಹೋದಂತೆಯೇ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಾವು ಕಳೆದ ವರ್ಷ ತಂದವನಿಗೆ ಡಿಗ್ರಿಯೂ ಇರ್ಲಿಲ್ಲ, ನಮ್ಮ ಕಾಲೇಜು ಯಾವ ದಿಕ್ಕಿಗೆ ಉಂಟು ಅಂತಲೂ ಗೊತ್ತಿರ್ಲಿಲ್ಲ. ಒಪ್ತೇನೆ ಮಾರಾಯ್ರೆ" ಎಂದ. ಜನ ನಕ್ಕರು. "ಆದ್ರೆ ಆ ಫೈನಲ್ಲಿನಲ್ಲಿ ನಮಗೆ ಚೆಂಡು ಕೊಡ್ಸಿದ್ದು ಯಾರು? ಸ್ವಂತ ತಂಡ ಸೋಲ್ತದೆ ಅಂತ ಗೊತ್ತಿದ್ದೂ ಸತ್ಯ ಹೇಳಿದ್ದು ಇವ್ರು. ಆ ಕಪ್ ಮನೆಯಲ್ಲಿ ನೋಡುವಾಗೆಲ್ಲ ನನಗೆ ಇವ್ರ ಮುಖವೇ ಕಾಣುದು. ನನ್ನದೊಂದು ತಿದ್ದುಪಡಿ. ಡಿಗ್ರಿ ಇರ್ಬೇಕು, ಇಲ್ಲದಿದ್ರೆ ಆ ಕಾಲೇಜಿನಲ್ಲಿ ದುಡಿದ ಕಾಗದ ಇರ್ಬೇಕು. ಕಲ್ತವರದ್ದು ಮಾತ್ರವಾ ಕಾಲೇಜು?"

ಕೈ ಎತ್ತಿ ಎಂದು ನಾನು ಹೇಳುವ ಮೊದಲೇ ಕೈಗಳು ಎದ್ದವು. ಮತದ ಹಕ್ಕಿಲ್ಲದ ಮಕ್ಕಳು ಎರಡೆರಡು ಕೈ ಎತ್ತಿದರು. ಎತ್ತದೆ ಉಳಿದವನು ಸುಂದರಣ್ಣ ಒಬ್ಬನೇ. ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ. ನನಗೂ ಕಣ್ಣು ತುಂಬಿ ಬಂತು, ಅದನ್ನು ಬಿಸಿಲಿನ ಮೇಲೆ ಹಾಕಿದೆ.

ಮುಂದಿನ ವಾರ ಅವನು ಕಾಗದ ತಂದುಕೊಟ್ಟ. ಕಾಲೇಜು ಬಿಡುವಾಗ ಪ್ರಿನ್ಸಿಪಾಲರು ಬರೆದುಕೊಟ್ಟ ಅನುಭವ ಪತ್ರ ಅದು. ಗಲ್ಫಿಗೆ ಹೋಗುವವರಿಗೆ ಎಲ್ಲ ಕಾಗದವೂ ಅಟೆಸ್ಟ್ ಆಗಿರಬೇಕು ಎಂದು ಯಾವನೋ ಏಜೆಂಟ್ ಹೆದರಿಸಿದ್ದನಂತೆ. ಬೆಂಗಳೂರಿನ ಮೊಹರು, ದೆಹಲಿಯ ಮೊಹರು, ಎಂಬಸಿಯ ಮೊಹರು, ಒಂದೂ ಬಿಟ್ಟಿರಲಿಲ್ಲ. ಡ್ರೈವರ್ ಕೆಲಸಕ್ಕೆ ಆ ಕಾಗದವನ್ನು ಇಪ್ಪತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳಿದ ಮೊದಲನೆಯವನು ನಾನು.

ಫಾರಂ ನಾನೇ ತುಂಬಿದೆ. ಹೆಸರು ಬರೆದೆ, ಜೆರ್ಸಿ ನಂಬರು ಒಂಬತ್ತು ಎಂದು ಬರೆದೆ. ಬ್ಯಾಚ್ ಎಂಬ ಕಡೆ ಬಂದಾಗ ಪೆನ್ನು ನಿಂತಿತು. ಪತ್ರ ನೋಡಿಕೊಂಡು 1994ರಿಂದ 2005 ಎಂದು ಬರೆದೆ. ನಾವೆಲ್ಲ ಆ ಕಾಲೇಜಿನಲ್ಲಿ ನಾಲ್ಕು ವರ್ಷ ಇದ್ದು ಬಂದವರು. ಇವನು ಹನ್ನೊಂದು ವರ್ಷ ಇದ್ದ. ಯಾರ ಕಾಲೇಜು ಅದು ಎಂದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ.

ಜೆರ್ಸಿಯ ಚೀಲವನ್ನು ಅವನ ಕೈಗೆ ಕೊಟ್ಟೆ. ಅವನು ಫಾರಂ ಓದಿದ, ಎರಡು ಸಲ ಓದಿದ. ಆಮೇಲೆ ನನ್ನ ಮೇಜಿನ ಮೇಲಿದ್ದ ತಂಡದ ಕಾಗದಗಳನ್ನು ಒಂದೊಂದಾಗಿ ತಿರುವಿದ. ಅದರಲ್ಲಿ ನನ್ನದು ಇರಲಿಲ್ಲ. ಮನೆ ಬದಲಿಸಿದಾಗ ನನ್ನ ಸರ್ಟಿಫಿಕೇಟಿನ ಫೈಲು ಯಾವ ಪೆಟ್ಟಿಗೆ ಸೇರಿತೋ, ಎರಡು ವಾರದಿಂದ ಸಿಂಚನಾಳೂ ನಾನೂ ಮನೆಯೆಲ್ಲ ಜಾಲಾಡುತ್ತಿದ್ದೆವು.

ಸುಂದರಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಈ ಸಲ ಸರ್ ಎನ್ನಲಿಲ್ಲ.

"ಧನು, ಎಲ್ಲಿ ಮಾರಾಯ ನಿನ್ನ ಡಿಗ್ರಿ?"