ಊಟಕ್ಕೆ ಮೊದಲು ಒಂದು ಇಂಗ್ಲಿಷ್ ಮಾತು

ನಮ್ಮ ಮನೆಯಲ್ಲಿ ತಾಟು ಹಾಕಿದ ಕೂಡಲೇ ಯಾರೂ ರೊಟ್ಟಿ ಮುರಿಯುವುದಿಲ್ಲ. ಅಂದು ದೇವರು ಮಾಡಿದ ಒಂದು ಉಪಕಾರವನ್ನು ಪ್ರತಿಯೊಬ್ಬರೂ ಹೇಳಬೇಕು, ಆಮೇಲೆ ಪ್ರಸಾದ. ಇದು ನಮ್ಮ ಅತ್ತೆ ಹಾಕಿಕೊಟ್ಟ ರೂಢಿ. ದೊಡ್ಡ ಉಪಕಾರವೇ ಆಗಬೇಕೆಂದಿಲ್ಲ. ನಲ್ಲಿಗೆ ನೀರು ಬರಬೇಕಾದ ದಿನವೇ ಬಂತು ಎಂದರೂ ನಡೆಯುತ್ತದೆ. ಒಲೆಯ ಮೇಲಿನ ಹಾಲು ಉಕ್ಕುವ ಹೊತ್ತಿಗೆ ನೆನಪಾಯಿತು ಎಂದರೂ ಆದೀತು. ಊರ ಹೊರಗಿನ ಮಚ್ಛೆ ಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ತಿಂಗಳಲ್ಲಿ ಇಪ್ಪತ್ತು ದಿನ ಹೇಳುವುದು ಒಂದೇ: "ಬಸ್ಸಿನ್ಯಾಗ ಕುಂದ್ರಾಕ ಜಾಗಾ ಸಿಕ್ತು."

"ದೇವರಿಗೆ ಬ್ಯಾರೆ ಉದ್ಯೋಗ ಇಲ್ಲೇನ್ರಿ, ನಿಮಗ ಸೀಟ ಹಿಡಿಯೂದ ಬಿಟ್ಟು?" ಎಂದು ನಾನು ಕೇಳುತ್ತೇನೆ. ಆದರೂ ಲೆಕ್ಕಕ್ಕೆ ಅದೂ ಸೇರುತ್ತದೆ.

ಈ ರೂಢಿಯಿಂದಲೇ ನನ್ನ ಮಗಳ ಕಾಲೇಜು ಉಳಿಯಿತೆಂದು ನಾನು ನಂಬಿದ್ದೇನೆ. ಕಾನೂನು ಓದುತ್ತ ಈಗ ನಾಲ್ಕನೆಯ ವರ್ಷದಲ್ಲಿರುವ ಅವಳು ಇದನ್ನು ಒಪ್ಪುವುದಿಲ್ಲ. ತಾನು ಓದಿದ್ದರಿಂದ ಉಳಿಯಿತು ಎನ್ನುತ್ತಾಳೆ. ಇಬ್ಬರದ್ದೂ ಖರೇ ಇರಬಹುದು.

ಬೆಳಗಾವಿಯ ಅನಗೋಳದ ಓಣಿಯಲ್ಲಿ ಆಡಿ ಬೆಳೆದವಳು, ಪಿಯುಸಿಯವರೆಗೂ ಕನ್ನಡದಲ್ಲೇ ಕಲಿತವಳು. ವಕೀಲಳಾಗಬೇಕೆಂಬುದು ಅವಳ ತಲೆಗೆ ಹೊಕ್ಕದ್ದು ಹತ್ತು ವರ್ಷದವಳಿದ್ದಾಗ. ಖಾನಾಪುರದ ನನ್ನ ತವರುಮನೆಗೆ ಹಿತ್ತಲ ಗೋಡೆಯ ಬಗ್ಗೆ ಯಾರೋ ವಕೀಲರಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಮನೆಯಲ್ಲಿ ಮರಾಠಿ ಓದುವವರಿದ್ದರು, ಕನ್ನಡ ಓದುವವರಿದ್ದರು, ಅದನ್ನು ಓದುವವರು ಮಾತ್ರ ಇರಲಿಲ್ಲ. ನನ್ನ ತಾಯಿ ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂರು ದಿನ ಊರೆಲ್ಲ ತಿರುಗಿದಳು. ಕಡೆಗೆ ಓದಿಸಿ ನೋಡಿದರೆ ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಆದರೆ ಆ ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಅಜ್ಜಿಯ ಬೆನ್ನ ಹಿಂದೆಯೇ ತಿರುಗಿದ ಮಗಳು, "ಇಂಥಾ ಕಾಗದಾ ನಾನ ಓದಾಕಿ" ಎಂದಳು. ಆ ಮಾತನ್ನು ಬಿಡಲೇ ಇಲ್ಲ.

ಪಿಯುಸಿಯಾದ ಮೇಲೆ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಹೆಸರು ಹಚ್ಚಲು ಅಪ್ಪ ಮಗಳು ಹೋದ ದಿನ, ಅಲ್ಲಿ ಕುಳಿತಿದ್ದ ಮೇಡಮ್ ಅವಳನ್ನು ಏನೋ ಕೇಳಿದರಂತೆ. ಇವಳು ಒಂದಕ್ಷರವೂ ತಿಳಿಯದೆ "ಎಸ್ ಮೇಡಮ್" ಎಂದಳಂತೆ. ಅವರು ಮತ್ತೆ ಕೇಳಿದರು, ಇವಳು ಮತ್ತೆ "ಎಸ್ ಮೇಡಮ್." ಪಾಳಿಯಲ್ಲಿ ನಿಂತಿದ್ದ ಮಕ್ಕಳು ನಕ್ಕರು. ಅವರು ಕೇಳಿದ್ದು, ಮುಂದೆ ಯಾವ ತರಹದ ವಕೀಲಿ ಮಾಡಬೇಕೆಂದಿದ್ದೀ ಎಂದು.

ಮನೆಗೆ ಬಂದವಳು ಚಹಾ ಕುಡಿಯಲಿಲ್ಲ. ಒಂದು ಹಾಳೆ ತೆಗೆದು ತನಗೆ ಸೀಟು ಬೇಡವೆಂದು ಅರ್ಜಿ ಬರೆದು, ಮಡಚಿ ನನ್ನ ಕೈಯಲ್ಲಿಟ್ಟಳು.

"ಕಾಲೇಜ್ ಚಾಲೂ ಆದ ದಿವಸ ನೋಡ್ತೇನಿ. ತಿಳೀಲಿಲ್ಲಂದ್ರ ಮರದಿವಸ ಇದನ್ನ ಕೊಟ್ಟ ಬರಾಕಿ. ಇಲ್ಲೇ ಕನ್ನಡದಾಗ ಬಿಎ ಮಾಡ್ತೇನಿ."

"ಅಲ್ಲಿ ತನಕಾ?" ಎಂದೆ.

"ಅಲ್ಲಿ ತನಕಾ ಇಂಗ್ಲಿಷ್ ಮಾತ ಕಲೀತೇನಿ. ದಿನಕ್ಕ ಮೂವತ್ತು."

ನಾನು ಆ ಕಾಗದವನ್ನು ದೇವರ ಜಗಲಿಯ ಮೇಲೆ, ವಿಭೂತಿ ಬಟ್ಟಲಿನ ಕೆಳಗೆ ಇಟ್ಟೆ. ಮುಂಜಾನೆ ಲಿಂಗಪೂಜೆಗೆ ಕುಳಿತಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಶಿವನೇ, ನೀನೇ ಓದಿಕೋ, ನಿನಗೆ ಎಲ್ಲ ಭಾಷೆ ಬರುತ್ತದೆ ಎಂದು ಕೈಮುಗಿಯುತ್ತಿದ್ದೆ.

ಹಳೆಯ ಪುಸ್ತಕದ ಅಂಗಡಿಯಿಂದ ಅವಳ ಅಪ್ಪ ಒಂದು ದಪ್ಪ ಪುಸ್ತಕ ತಂದರು. ಒಂದು ಬದಿಗೆ ಕಠಿಣ ಇಂಗ್ಲಿಷ್ ಮಾತು, ಎದುರಿಗೆ ಕನ್ನಡ ಅರ್ಥ. ಆ ಬೇಸಿಗೆಯೆಲ್ಲ ನಮ್ಮ ಅಡುಗೆಮನೆ ಹೀಗಿತ್ತು: ನಾನು ರೊಟ್ಟಿ ಬಡಿಯುವುದು, ಅವಳು ಗೋಡೆಗೆ ಒರಗಿ ಕುಳಿತು ಮಾತು ಬಾಯಿಪಾಠ ಮಾಡುವುದು. ಬಡಿತಕ್ಕೂ ಬಾಯಿಪಾಠಕ್ಕೂ ಒಂದೇ ತಾಳ. ಈಗ ಒಬ್ಬಳೇ ರೊಟ್ಟಿ ಬಡಿಯುವಾಗ ಆ ತಾಳ ಅರ್ಧವೇ ಕೇಳಿದಂತಾಗುತ್ತದೆ.

ರೊಟ್ಟಿ ಮುಗಿದ ಮೇಲೆ ಪರೀಕ್ಷೆ ತೆಗೆದುಕೊಳ್ಳುವವಳು ನಾನು. ಪುಸ್ತಕ ಹಿಡಿದು ಕನ್ನಡ ಅರ್ಥ ಓದುತ್ತಿದ್ದೆ, ಅವಳು ಇಂಗ್ಲಿಷ್ ಮಾತು ಹೇಳುತ್ತಿದ್ದಳು. ನನಗೆ ಎಬಿಸಿಡಿ ಗುರುತು ಹತ್ತುತ್ತಿತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ. ಆದ್ದರಿಂದ ಅವಳು ಹೇಳಿದ್ದು ಸರಿಯೋ ತಪ್ಪೋ ನೋಡುತ್ತಿದ್ದುದು ಅವಳ ಮುಖದಲ್ಲಿ. ತಡೆಯದೆ ಹೇಳಿದರೆ ಸರಿ, ಅಷ್ಟೇ. ಆದರೆ ಒಂದು ಕೆಲಸ ಮಾಡುತ್ತಿದ್ದೆ. ನನಗೂ ಕಲಿಯುವ ಆಸೆ ಇತ್ತು ನೋಡಿ, ಅವಳು ಹೇಳಿದ ಮಾತನ್ನು ಕಿವಿಗೆ ಬಿದ್ದಂತೆ, ಅರ್ಥದ ಜೊತೆಗೆ, ಕನ್ನಡದಲ್ಲಿ ಒಂದು ಸಣ್ಣ ವಹಿಯಲ್ಲಿ ಬರೆದಿಡುತ್ತಿದ್ದೆ.

ಈ ಚಟ ನನಗೆ ಮದುವೆಯಾದ ಹೊಸದರಲ್ಲಿ ಹತ್ತಿದ್ದು. ನಮ್ಮೂರ ಕಡೆ ಸಾಲಿ ಮರಾಠಿಯದು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೂ ಏಳನೆಯ ತರಗತಿಯವರೆಗೆ ನಾನು ಓದಿದ್ದೆಲ್ಲ ಮರಾಠಿ. ಸೊಸೆಯಾಗಿ ಬಂದಾಗ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅತ್ತೆ ನಗಲಿಲ್ಲ. ಅಡುಗೆಮನೆಯ ಡಬ್ಬಿಗಳ ಮೇಲೆ ಸೀಮೆಸುಣ್ಣದಿಂದ ಜೀರಗಿ, ಸಾಸವಿ, ಬೆಲ್ಲ ಎಂದು ಬರೆದರು. "ಓದಿ ತಗಿ, ಮೂಸಿ ನೋಡಿ ತಗೀಬ್ಯಾಡ" ಎಂದರು. ಒಂದು ವರ್ಷದಲ್ಲಿ ನಾನು ವಚನದ ಪುಸ್ತಕ ಓದುವಂತಾದೆ.

ಎರಡನೆಯ ವಾರ ಒಂದು ಸಂಜೆ ವಹಿ ತಿರುವುತ್ತ, ಹಿಂದೆ ಕೇಳಿದ್ದನ್ನೇ ಮತ್ತೆ ಕೇಳೋಣವೆನಿಸಿತು.

"ಮನಸಿಲ್ಲದ ಮನಸಿನ, ಹಿಂಜರಿಯುವ. ಏನದು?"

"ಅಬಂಡಂಟ್," ಎಂದಳು ತಡೆಯದೆ.

ನನ್ನ ವಹಿಯಲ್ಲಿ ಅದಕ್ಕೆ "ರಿಲಕ್ಟಂಟ್" ಎಂದಿತ್ತು. ಇನ್ನೊಂದು ಕೇಳಿದೆ, ಅದೂ ಕೂಡಲಿಲ್ಲ. ಹತ್ತು ಕೇಳಿದ್ದರಲ್ಲಿ ಏಳು ಬೇರೆ. ನಾನು ವಹಿಯನ್ನು ಅವಳ ಮುಂದೆ ಇಟ್ಟೆ. ಅವಳ ಮುಖ ಕೆಂಪಾಯಿತು.

"ಸುಳ್ಳ ಹೇಳೇನಿ, ಹೌದು. ನಿನಗ ಗೊತ್ತಾಗೂದಿಲ್ಲಂತ ಹೇಳೇನಿ," ಎಂದಳು. ಆಮೇಲೆ ಅಳು ಬಂತು. "ಮುಂಜಾನೆ ಓದಿದ್ದು ಸಂಜಿಗೆ ಇರೂದಿಲ್ಲಬೇ, ಯವ್ವಾ. ಇಲ್ಲಿ ನಿನಗ ತಿಳಿಯೂದಿಲ್ಲ, ನಡೀತೈತಿ. ಅಲ್ಲಿ ಎಲ್ಲಾರಿಗೂ ತಿಳೀತೈತಿ. ಆ ಅರ್ಜಿ ನಾಳೇನ ಕೊಟ್ಟ ಬಿಡೂಣು."

ನನಗೆ ಸಿಟ್ಟು ಬಂದಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಓದಲು ಬಾರದ ತಾಯಿಯನ್ನು ಮೋಸ ಮಾಡಿದಳಲ್ಲ ಎಂದು ಎದೆಗೆ ಚುಚ್ಚಿತು. ಜಗಲಿಯ ಮುಂದೆ ಹೋಗಿ ಸ್ವಲ್ಪ ಹೊತ್ತು ಕುಳಿತೆ. ಅಲ್ಲಿ ಅತ್ತೆಯ ಮಾತು ನೆನಪಾಯಿತು. ಡಬ್ಬಿಯ ಮೇಲೆ ಬರೆದು ಕಲಿಸುವಾಗ ದಿನಕ್ಕೆ ನಾಲ್ಕೇ ಹೆಸರು ಬರೆಯುತ್ತಿದ್ದರು. ಎಲ್ಲ ಒಮ್ಮೆಗೇ ಬರೆಯಿರಿ ಎಂದರೆ, "ದಿನಾ ಬಳಸೂ ಡಬ್ಬಿಗೆ ಹುಳಾ ಬೀಳೂದಿಲ್ಲವಾ. ತುಂಬಿ ಇಟ್ಟದ್ದಕ್ಕ ಬೀಳತಾವು" ಎನ್ನುತ್ತಿದ್ದರು. ಮಗಳು ದಿನಕ್ಕೆ ಮೂವತ್ತು ಡಬ್ಬಿ ತುಂಬಿಡುತ್ತಿದ್ದಳು, ಒಂದನ್ನೂ ತೆರೆಯುತ್ತಿರಲಿಲ್ಲ. ಆ ಮಾತು ಆ ಹೊತ್ತಿಗೆ ನೆನಪಾದದ್ದೇ ಅಂದಿನ ಉಪಕಾರವೆಂದು ಎಣಿಸಿದೆ.

ಮರುದಿನ ಅವಳನ್ನು ಕರೆದುಕೊಂಡು ಖಾನಾಪುರದ ರೈಲು ಹತ್ತಿದೆ. ದಪ್ಪ ಪುಸ್ತಕ ಮನೆಯಲ್ಲೇ ಬಿಟ್ಟು, ನನ್ನ ಸಣ್ಣ ವಹಿಯನ್ನಷ್ಟೇ ಚೀಲಕ್ಕೆ ಹಾಕಿದ್ದೆ.

ಮಗಳು ನನ್ನ ತಾಯಿಯನ್ನು ಆಯಿ ಎನ್ನುತ್ತಾಳೆ. ಬಂದ ಕಾರಣ ಕೇಳಿದ ಆಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ, ಇಂಗ್ಲಿಷ್ ಕಲಿಯಾಕ ಇಲ್ಲಿ ಬಂದ್ರೇನ? ಇಲ್ಲಿ ಎಮ್ಮಿ ಸೈತ ಮರಾಠಿಲೆ ಮಾತಾಡ್ಸಿದ್ರ ಅಷ್ಟ ಹಾಲ ಕೊಡ್ತಾವು!"

ನಾನು ಮಗಳಿಗೆ ಹೇಳಿದೆ, ದಿನಕ್ಕೆ ಐದೇ ಮಾತು. ಸಂಜೆಯೊಳಗೆ ಆ ಐದನ್ನೂ ಈ ಮನೆಯಲ್ಲಿ ಎಲ್ಲಾದರೂ ಕಣ್ಣಾರೆ ಕಾಣಬೇಕು. ಊಟದ ಮುಂದೆ ಉಪಕಾರ ಹೇಳುವಾಗ ಒಂದಾದರೂ ಹೊಸ ಮಾತು ಹಾಕಿ ಇಂಗ್ಲಿಷಿನಲ್ಲಿ ಹೇಳಬೇಕು, ಆಮೇಲೆ ಆಯಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು.

ಹಿತ್ತಲ ಹಲಸಿನ ಮರ ಆ ವರ್ಷ ಬುಡದಿಂದಲೇ ಕಾಯಿ ಬಿಟ್ಟಿತ್ತು. ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, "ಅಬಂಡಂಟ್" ಎಂದಳು. ಯಥೇಚ್ಛ, ಬೇಕಾದಷ್ಟು ಎಂದರ್ಥ.

"ಹೌದಾ? ಹಂಗಾರ ಒಂದ ಅಬಂಡಂಟ್ ಹೊತಗೊಂಡ ಒಳಗ ಬಾ," ಎಂದಳು ಆಯಿ.

ಹಣ್ಣು ಬಿಡಿಸುವಾಗ ಮೇಣ ಬೆರಳಿಗೆ ಅಂಟಿತು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಬಿಡಲಿಲ್ಲ. ಅದು "ಟೆನೇಷಿಯಸ್," ಹಿಡಿದದ್ದನ್ನು ಬಿಡದ್ದು. "ನಿಮ್ಮವ್ವನೂ ಅದ ಜಾತಿ" ಎಂದಳು ಆಯಿ, ನನ್ನತ್ತ ಕಣ್ಣು ಹೊಡೆದು. ಕರು ಕಾಣುವವರೆಗೆ ಹಾಲು ಇಳಿಸದ ಎಮ್ಮೆಗೆ "ರಿಲಕ್ಟಂಟ್" ಎಂಬ ಹೆಸರೇ ಬಿತ್ತು. ಅತ್ತೆಮನೆಗೆ ಬರಲು ಹತ್ತು ನೆವ ಹೇಳುವ ನಮ್ಮ ಮನೆಯವರಿಗೂ ಆಯಿ ಅದೇ ಹೆಸರಿಟ್ಟಳು. ಅಕ್ಕಿಯಲ್ಲಿ ಒಂದು ನುಚ್ಚೂ ಉಳಿಯದಂತೆ ಆರಿಸುವ ಆಯಿ ಸ್ವತಃ "ಮೆಟಿಕ್ಯುಲಸ್" ಆದಳು. ಅಂದರೆ ಅಚ್ಚುಕಟ್ಟಿನವಳು ಎಂದು ತಿಳಿದ ಮೇಲೆ ಎರಡು ದಿನ ಬಹಳ ಖುಷಿಯಲ್ಲಿದ್ದಳು.

ಆದರೆ ಮೊದಲ ಸಂಜೆ ಹೀಗಿರಲಿಲ್ಲ. ತಾಟಿನ ಮುಂದೆ ಮಗಳು ತಲೆ ತಗ್ಗಿಸಿ, ಗಂಟಲಲ್ಲೇ ನಾಲ್ಕು ಮಾತು ಹೇಳಿ ಮುಗಿಸಿದಳು.

"ಏನಂದಿ?" ಎಂದಳು ಆಯಿ.

"ನಿನಗ ಎಲ್ಲಿ ತಿಳೀತೈತಿ ಆಯಿ, ಇಂಗ್ಲಿಷ್ ಅದು."

"ನನಗ ತಿಳಿಯೂದ ಬಿಡು. ದೇವರಿಗೆ ಹೇಳಿದಿ ಹೌದಲ್ಲೋ? ಇಷ್ಟ ಸಣ್ಣಾಗಿ ಅಂದ್ರ ಅವಗ ಕೇಳಿಸಿತೋ ಇಲ್ಲೋ. ತಪ್ಪಿದ್ರ ಅಂವಾ ತಿದ್ದಿಕೊಳ್ತಾನ, ಕೇಳದಿದ್ರ ಏನ ಮಾಡ್ಯಾನು? ಜೋರಲೆ ಹೇಳು."

ಮಗಳು ನಕ್ಕಳು. ಹದಿನೈದು ದಿನದಲ್ಲಿ ಅದೇ ಮೊದಲ ನಗು. ಮತ್ತೆ ಹೇಳಿದಳು, ಮೊದಲಿಗಿಂತ ಜೋರಾಗಿ. ಎಂಟು ದಿನ ಮುಗಿಯುವ ಹೊತ್ತಿಗೆ ಅವಳ ಇಂಗ್ಲಿಷ್ ಉಪಕಾರ ಬಾಜೂ ಮನೆಯವರಿಗೂ ಕೇಳಿಸುತ್ತಿತ್ತು. ಅವರು ಗೋಡೆಯಾಚೆಯಿಂದಲೇ ಮರಾಠಿಯಲ್ಲಿ ಅರ್ಥ ಕೇಳುತ್ತಿದ್ದರು.

ಬೆಳಗಾವಿಗೆ ಮರಳಿದ ಮೇಲೂ ದಿನಕ್ಕೆ ಐದೇ. ಅವಳ ಅಪ್ಪನಿಗೂ ಬಿಡುವಿರಲಿಲ್ಲ. ಬಸ್ಸಿನ ಜಾಗದ ಉಪಕಾರಕ್ಕೆ ಮಗಳು "ಫಾರ್ಚುನೇಟ್" ಎಂಬ ಮಾತು ಕೊಟ್ಟಳು. ಭಾಗ್ಯವಂತ ಎಂದು ಅರ್ಥ. ಅವರು ಅದನ್ನು ಕಾರ್ಖಾನೆಯಲ್ಲಿಯೂ ಹೇಳಿ ಬಂದರು. ಹೀಗೆ ಕಲಿತ ಮಾತು ಇನ್ನೂರೂ ಆಗಲಿಲ್ಲ. ಪುಸ್ತಕದಲ್ಲಿ ಸಾವಿರಗಟ್ಟಲೆ ಉಳಿದಿದ್ದವು. ಸಾಲುತ್ತದೆಯೇ ಎಂಬ ಅಂಜಿಕೆ ನನಗೂ ಇತ್ತು. ಕಾಗದ ವಿಭೂತಿಯ ಕೆಳಗೆ ಹಾಗೇ ಇತ್ತು.

ಕಾಲೇಜು ಶುರುವಾದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಸಂಜೆ ಅರ್ಧ ನೆನೆದು ಬಂದಳು. ತಲೆ ಒರೆಸಿಕೊಂಡಳು, ಚಹಾ ಕುಡಿದಳು. ಚಹಾ ಕುಡಿದಳಲ್ಲ ಎಂದು ನಾನು ಅದನ್ನೊಂದು ಎಣಿಸಿಟ್ಟುಕೊಂಡೆ. ಊಟಕ್ಕೆ ಕುಳಿತೆವು. ಅವಳ ಅಪ್ಪ ಎಂದಿನಂತೆ ಬಸ್ಸಿನ ಜಾಗ ಹೇಳಿದರು. ನನ್ನದೂ ಆಯಿತು. ಅವಳ ಸರದಿ.

"ಇವತ್ತ ಅರ್ಧಾ ತಿಳೀಲಿಲ್ಲ," ಎಂದಳು ಕನ್ನಡದಲ್ಲಿ.

ನನ್ನ ಕಣ್ಣು ತಾನಾಗಿಯೇ ಜಗಲಿಯ ಕಡೆ ಹೋಯಿತು.

"ಆದ್ರ ಬಾಜೂಕ ಕುಂತಾಕಿಗೂ ತಿಳೀಲಿಲ್ಲ. ಆಕಿ ಸಣ್ಣಾಕಿದ್ದಾಗಿಂದ ಇಂಗ್ಲಿಷ್ ಸಾಲ್ಯಾಗ ಕಲತಾಕಿ, ಗೊತ್ತೇನ! ಸುಮ್ಮನ ಬರಕೊಳ್ಳಾತಿದ್ಳು. ನಾ ಕೈ ಎತ್ತಿ ನಿಂತೆ. ಸರ್, ಆ ಮಾತಿನ ಅರ್ಥ ಹೇಳ್ರಿ ಅಂತ ಇಂಗ್ಲಿಷಿನ್ಯಾಗ ಕೇಳಿದೆ. ಜೋರಲೆ. ಅವರು ಮತ್ತೊಮ್ಮೆ ಬಿಡಿಸಿ ಹೇಳಿದ್ರು. ಯಾರೂ ನಗಲಿಲ್ಲ. ಎಲ್ಲಾರೂ ಬರಕೊಂಡ್ರು."

"ಹಂಗಾರ ಉಪಕಾರ ಯಾವದು?" ಎಂದರು ಅವಳ ಅಪ್ಪ. "ಇಂಗ್ಲಿಷಿನ್ಯಾಗ ಹೇಳು. ಇಲ್ಲಾಂದ್ರ ರೊಟ್ಟಿ ಇಲ್ಲ."

ಅವಳು ಹೇಳಿದಳು. ಉದ್ದನೆಯ ಮಾತು. ನನಗೆ ಅದರಲ್ಲಿ "ಫಾರ್ಚುನೇಟ್" ಒಂದು ತಿಳಿಯಿತು. ರೊಟ್ಟಿ ಮುರಿದೆವು.

ಮರುದಿನ ಮುಂಜಾನೆ ಪೂಜೆ ಮುಗಿಸಿ, ವಿಭೂತಿ ಬಟ್ಟಲು ಎತ್ತಿ ಕಾಗದ ತೆಗೆದೆ. ಅವಳು ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು, ಬಾಯಲ್ಲಿ ಪಿನ್ನು.

"ಇದನ್ನೇನ ಮಾಡ್ಲಿ?" ಎಂದೆ.

ತಿರುಗಿ ನೋಡಿ, ಪಿನ್ನು ತೆಗೆದು ಹೇಳಿದಳು: "ಹಪ್ಪಳದ ಡಬ್ಬಿ ತಳಕ್ಕ ಹಾಸಬೇ. ಕಾಗದಾ ದಪ್ಪ ಐತಿ."

ಹಾಸಿದೆ. ಆ ವರ್ಷದ ಮಳೆಗಾಲ ಬಲು ಥಂಡಿ. ಆದರೂ ನಮ್ಮ ಹಪ್ಪಳ ಒಂದೂ ಮೆತ್ತಗಾಗಲಿಲ್ಲ.